ಗದ್ದಲ ಜಾಸ್ತಿ, ಆದರೆ ಗಟ್ಟಿ: ಎಎನ್-32 ಬಗ್ಗೆ ನಿಮ್ಮ ಪ್ರಶ್ನೆಗಳು

ವಾಯುಸೇನೆಯ ಸಾಗಾಣಿಕೆ ವಿಮಾನಗಳಲ್ಲಿ ಹಾರಿದವರ ನೆನಪುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ತಿಂಗಳು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಗಳಿವೆ. ಉತ್ತರಿಸಿದವರು ಎಎನ್-32 ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ (ಹಾರುವಾಗ ಇಂಜಿನ್‌ಗಳ ಮೇಲೆ ಕಣ್ಣಿಡುವವರು) ಆಗಿ ಚಂಡೀಗಢ, ಜೋರ್ಹಾಟ್, ಸೂಲೂರುಗಳಲ್ಲಿ ಕೆಲಸ ಮಾಡಿ, ಮಾಸ್ಟರ್ ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ.

ಯಲಹಂಕ ವಾಯುನೆಲೆ ಕಡೆಯಿಂದ ನಮ್ಮ ಮನೆ ಮೇಲೆ ಒಂದು ಬೂದು ಬಣ್ಣದ ವಿಮಾನ ಹಾರುತ್ತದೆ. ಅದರ ಇಂಜಿನ್‌ಗಳು ರೆಕ್ಕೆಯ ಮೇಲೆ ಕೂತಿವೆ. ಬೇರೆ ವಿಮಾನಗಳಲ್ಲಿ ಕೆಳಗೆ ಇರುತ್ತವಲ್ಲ? ಸದ್ದಂತೂ ಕೇಳಬೇಡಿ. (ದೊಡ್ಡಬಳ್ಳಾಪುರದ ಓದುಗರು)

ನೀವು ನೋಡಿದ್ದು ನಮ್ಮ ಎಎನ್-32. ಯಲಹಂಕದಲ್ಲಿ ಸಾಗಾಣಿಕೆ ವಿಮಾನದ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ. ಅದಕ್ಕೇ ಒಂದೇ ವಿಮಾನ ಸುತ್ತಿ ಸುತ್ತಿ ಬರುವುದು. ಸದ್ದಿಗೆ ನಾನು ಕ್ಷಮೆ ಕೇಳುವುದಿಲ್ಲ. ನೀವು ಹೊರಗಿನಿಂದ ಕೇಳುತ್ತೀರಿ, ನಾವು ಒಳಗೆ ಕೂತು ಕೇಳಿದವರು!

ಇಂಜಿನ್ ಮೇಲೆ ಯಾಕೆ ಅಂದರೆ, ಪ್ರೊಪೆಲ್ಲರ್ ದೊಡ್ಡದು. ಅದರ ಅಗಲ ಹತ್ತಿರ ಹತ್ತಿರ 4.7 ಮೀಟರ್. ರೆಕ್ಕೆಯ ಕೆಳಗೆ ಇಟ್ಟರೆ ನೆಲಕ್ಕೂ ಅದಕ್ಕೂ ಜಾಗ ಸಾಲದು, ಕಲ್ಲು ಮಣ್ಣು ಎಲ್ಲ ಬಡಿಯುತ್ತದೆ. ಡಾಂಬರಿಲ್ಲದ ಪಟ್ಟಿಗಳ ಮೇಲೂ ಇಳಿಯಬೇಕಾದ ವಿಮಾನ ಇದು. ಹಾಗಾಗಿ ಇದನ್ನು ರೂಪಿಸಿದ ಆಂಟೊನೊವ್ ಸಂಸ್ಥೆಯವರು ಇಂಜಿನ್‌ಗಳನ್ನು ಎತ್ತಿ ರೆಕ್ಕೆಯ ಮೇಲೆ ಕೂರಿಸಿದರು.

ಇದಕ್ಕಿಂತ ಮೊದಲಿನ ಎಎನ್-26 ಕೂಡ ಹೆಚ್ಚುಕಡಿಮೆ ಇದೇ ಗಾತ್ರದ್ದು. ಅದರ ಒಂದೊಂದು ಇಂಜಿನ್ ಶಕ್ತಿ 2,800 ಅಶ್ವಶಕ್ತಿ ಚಿಲ್ಲರೆ. ನಮ್ಮದಕ್ಕೆ ಹಾಕಿದ್ದು ಎಐ-20, ಒಂದೊಂದೂ 5,000 ಅಶ್ವಶಕ್ತಿಗೂ ಜಾಸ್ತಿ. ಅದೇ ಮೈಗೆ ಸುಮಾರು ಎರಡರಷ್ಟು ಶಕ್ತಿ. ಬಿಸಿಲು ಮತ್ತು ಎತ್ತರ, ಎರಡೂ ಇರುವ ಜಾಗಕ್ಕೆ ಬೇಕು ಎಂದು ಭಾರತ ಕೇಳಿದ್ದಕ್ಕೇ ಹೀಗೆ ಮಾಡಿದ್ದು. 1976ರಲ್ಲಿ ಮೊದಲು ಹಾರಿತು, 1984ರಿಂದ ನಮ್ಮ ವಾಯುಸೇನೆಯಲ್ಲಿದೆ. ನೂರಕ್ಕೂ ಹೆಚ್ಚು ತರಿಸಿಕೊಂಡೆವು. ಮೊದಮೊದಲು ಇದಕ್ಕೆ ‘ಸಟ್ಲೆಜ್’ ಎಂದು ಹೆಸರಿಟ್ಟಿದ್ದರು. ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ.

ಸದ್ದಿನ ವಿಚಾರಕ್ಕೆ ಬಂದರೆ, ಈ ಇಂಜಿನ್ ಒಂದು ವಿಚಿತ್ರ ಜಾತಿ. ಹಾರುವಾಗ ಅದರ ಸುತ್ತು ಬದಲಾಗುವುದಿಲ್ಲ. ಪೈಲಟ್ ಥ್ರಾಟಲ್ ಮುಂದೆ ತಳ್ಳಿದರೆ ಇಂಧನ ಜಾಸ್ತಿ ಹೋಗುತ್ತದೆ, ಪ್ರೊಪೆಲ್ಲರ್ ಅಲಗುಗಳು ತಮ್ಮ ಕೋನ ಬದಲಿಸಿಕೊಂಡು ಜಾಸ್ತಿ ಗಾಳಿ ತಳ್ಳುತ್ತವೆ. ಓಡುವ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಅಂಗೈ ತಿರುಗಿಸಿ ನೋಡಿ, ಕೋನ ಬದಲಾದಂತೆ ಗಾಳಿಯ ಹೊಡೆತ ಹೇಗೆ ಬದಲಾಗುತ್ತೆ ಅಂತ ಗೊತ್ತಾಗುತ್ತದೆ. ಹಾಗಾಗಿ ಒಳಗೆ ಕೂತವರಿಗೆ ಒಂದೇ ಶ್ರುತಿಯ ಕಿರುಚಾಟ, ಏರುವಾಗಲೂ ಅದೇ, ಇಳಿಯುವಾಗಲೂ ಅದೇ. ಕಿವಿಗೆ ಹತ್ತಿ ಇಟ್ಟುಕೊಂಡರೂ ಹಲ್ಲಿನಲ್ಲಿ ಕೇಳಿಸುತ್ತಿತ್ತು. ನನ್ನ ಹೆಂಡತಿ ಈಗಲೂ ಟಿವಿ ಸದ್ದು ಕಡಿಮೆ ಮಾಡಿ ಎನ್ನುತ್ತಾಳೆ. ಬಿಡಿ, ಅದು ಬೇರೆ ಕಥೆ.

ನಾನು ಸೇನೆಯಲ್ಲಿದ್ದವನು. ತೊಂಬತ್ತರ ದಶಕದಲ್ಲಿ ಚಂಡೀಗಢದಿಂದ ಲಡಾಖ್‌ನ ಥೋಯಿಸ್‌ಗೆ ನಿಮ್ಮ ವಿಮಾನದಲ್ಲೇ ಹೋದದ್ದು. ನಡುರಾತ್ರಿ ಎಬ್ಬಿಸಿ ಕಾಯಿಸುತ್ತಿದ್ದರು. ಹತ್ತಿ ಕೂತು, ಬೆಟ್ಟಗಳನ್ನೆಲ್ಲ ನೋಡಿ, ಮತ್ತೆ ಚಂಡೀಗಢಕ್ಕೇ ಬಂದು ಇಳಿದದ್ದೂ ಇದೆ. ಬೈದುಕೊಂಡಿದ್ದೇವೆ. ಯಾಕೆ ಹಾಗೆ ಮಾಡುತ್ತಿದ್ದಿರಿ? (ಮೈಸೂರಿನ ಮಾಜಿ ಸೈನಿಕರು)

ನಮಸ್ಕಾರ ಸರ್. ನೀವು ಬೈದದ್ದು ನಮಗೆ ಗೊತ್ತಿತ್ತು. ಹಿಂದಿನಿಂದ ಕೆಲವು ಮಾತು ಆ ಸದ್ದಿನಲ್ಲೂ ಕೇಳಿಸುತ್ತಿತ್ತು.

ನಡುರಾತ್ರಿಯ ಕಾರಣ ಮೊದಲು ಹೇಳುತ್ತೇನೆ. ಲೇಹ್ ವಿಮಾನ ನಿಲ್ದಾಣ 10,682 ಅಡಿ ಎತ್ತರದಲ್ಲಿದೆ. ಥೋಯಿಸ್ ಶ್ಯೋಕ್ ನದಿ ಪಕ್ಕ, ಅದೂ ಸುಮಾರು ಅಷ್ಟೇ ಎತ್ತರ. ಅಲ್ಲಿ ಗಾಳಿ ಮೊದಲೇ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ಇಂಜಿನ್‌ಗೂ ರೆಕ್ಕೆಗೂ ಗಾಳಿಯೇ ಬಂಡವಾಳ. ಜೊತೆಗೆ ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಬಿರುಗಾಳಿ ಏಳುತ್ತದೆ. ಅದಕ್ಕೇ ಬೆಳಕು ಹರಿಯುವಾಗ ಅಲ್ಲಿರಬೇಕು, ಬಿಸಿಲು ಬಲಿಯುವ ಮೊದಲು ವಾಪಸ್ ಹೊರಟಿರಬೇಕು. ನಿಮ್ಮನ್ನು ಎಬ್ಬಿಸುವಾಗ ನಾವು ಆಗಲೇ ಎದ್ದಿರುತ್ತಿದ್ದೆವು. ನಮಗಿಂತ ಮೊದಲು ಗ್ರೌಂಡ್ ಸ್ಟಾಫ್ ಹುಡುಗರು ಎದ್ದು, ಜನವರಿಯ ಚಳಿಯಲ್ಲಿ ಟಾರ್ಚ್ ಹಿಡಿದು ಇಂಜಿನ್ ಕವರ್ ಬಿಚ್ಚುತ್ತಿದ್ದರು. ಪೈಲಟ್‌ಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ಹುಡುಗರ ಬಗ್ಗೆ ಯಾರೂ ಬರೆಯುವುದಿಲ್ಲ.

ಈಗ ವಾಪಸ್ ಬಂದ ವಿಚಾರ. ಪೀರ್ ಪಂಜಾಲ್ ದಾಟಿ, ಝಂಸ್ಕಾರ್ ದಾಟಿ ಒಳಗೆ ಹೋದ ಮೇಲೆ ಕಣಿವೆಗೆ ಇಳಿಯಬೇಕು. ಆ ಕಣಿವೆಯಲ್ಲಿ ಒಂದು ಜಾಗದವರೆಗೆ ವಿಮಾನ ತಿರುಗಿಸಿಕೊಳ್ಳಲು ಅಗಲ ಇರುತ್ತದೆ. ಆಮೇಲೆ ಇರುವುದಿಲ್ಲ. ಲೇಹ್‌ನಲ್ಲಿ ರನ್‌ವೇ ಇಳಿಜಾರಿನಲ್ಲಿದೆ, ಸುತ್ತ ಬೆಟ್ಟ. ಒಂದು ದಿಕ್ಕಿನಿಂದ ಇಳಿಯುತ್ತೇವೆ, ಏರುವುದು ಎದುರು ದಿಕ್ಕಿಗೆ. ತಪ್ಪಿದರೆ ಸುತ್ತು ಹಾಕಿ ಮತ್ತೆ ನೋಡೋಣ ಎನ್ನುವ ಸಲಿಗೆ ಅಲ್ಲಿ ಬಹಳ ಕಡಿಮೆ. ಆದ್ದರಿಂದ ನಿರ್ಧಾರ ಆ ಜಾಗಕ್ಕೆ ಬರುವ ಮೊದಲೇ ಆಗಬೇಕು. ನ್ಯಾವಿಗೇಟರ್ ಎಡಬದಿಯ ಹೊರಕ್ಕೆ ಉಬ್ಬಿದ ಕಿಟಕಿಯಲ್ಲಿ ತಲೆ ಇಟ್ಟು ನೋಡುತ್ತಿದ್ದರು. ನಾನು ಇಬ್ಬರು ಪೈಲಟ್‌ಗಳ ನಡುವೆ, ಒಂಚೂರು ಹಿಂದೆ ಕೂತು ಟರ್ಬೈನ್ ಉಷ್ಣಾಂಶ, ಎಣ್ಣೆಯ ಒತ್ತಡ ನೋಡುತ್ತಿದ್ದೆ. ಮುಂದೆ ಮೋಡ ಮುಚ್ಚಿದೆ ಎಂದರೆ ಕ್ಯಾಪ್ಟನ್ ಒಂದೇ ಮಾತು ಹೇಳುತ್ತಿದ್ದರು: ಗೋಯಿಂಗ್ ಬ್ಯಾಕ್. ಚರ್ಚೆ ಇಲ್ಲ. ಕಣ್ಣಿಗೆ ಆಕಾಶ ತಿಳಿಯಾಗಿ ಕಾಣುತ್ತಿದ್ದರೂ, ನನ್ನ ಒಂದು ಮೀಟರ್ ಮುಳ್ಳು ಎಲ್ಲಿರಬೇಕೋ ಅಲ್ಲಿ ಇರದಿದ್ದರೆ ಹಾಗೇ.

ನಾನು ಹಾರಿದ ಕ್ಯಾಪ್ಟನ್‌ಗಳಲ್ಲಿ ಒಬ್ಬರು ಇದ್ದರು, ಕೇರಳದವರು, ಬಹಳ ಕಡಿಮೆ ಮಾತು. ಒಂದೇ ವಾರದಲ್ಲಿ ಮೂರು ಬೆಳಗ್ಗೆ ಸಾಲಾಗಿ ವಾಪಸ್ ತಂದರು. ರಜೆಗೆ ಹೋಗಬೇಕಾದ ಜವಾನರು ಅತ್ತ ಥೋಯಿಸ್‌ನಲ್ಲಿ ಟ್ರಂಕು ಹಿಡಿದು ಕೂತಿದ್ದಾರೆ, ಇತ್ತ ತರಕಾರಿ ಕೊಳೆಯುತ್ತಿದೆ, ಮೇಲಿನವರು ಫೋನು ಮಾಡುತ್ತಿದ್ದಾರೆ. ನಾಲ್ಕನೇ ಬೆಳಗ್ಗೆ ಹವಾಮಾನದ ಬ್ರೀಫಿಂಗ್ ಮುಗಿದ ಮೇಲೆ ಯಾರೋ ತಮಾಷೆಗೆ, ‘ಇವತ್ತಾದರೂ ಇಳಿಸ್ತೀರಾ ಸರ್?’ ಎಂದರು. ‘ಕಾಣಿಸಿದರೆ’ ಎಂದರು ಅವರು. ಅವತ್ತು ಕಾಣಿಸಿತು, ಇಳಿದೆವು.

ಎಎನ್-32 ನಂಬಿಕಸ್ಥ ವಿಮಾನ ಎಂದು ಜನ ಹೇಳುವಾಗ ನನಗೆ ನೆನಪಾಗುವುದು ಇದೇ. ಶಕ್ತಿ ಮಿಕ್ಕಿದೆ ಅಂತ ಗೊತ್ತಿದ್ದೂ ಅದನ್ನು ನಂಬಿ ಕಣಿವೆಗೆ ನುಗ್ಗದೆ ಇದ್ದವರಿಂದಲೇ ಆ ಹೆಸರು ಬಂದದ್ದು. ಹಾಗಾಗಿ ಸರ್, ನೀವು ಚಂಡೀಗಢಕ್ಕೆ ವಾಪಸ್ ಬಂದ ಆ ದಿನ ವಿಮಾನ ತನ್ನ ಕೆಲಸ ಮಾಡಿತ್ತು.

ಇನ್ನೊಂದು ಮಾತು. ಅಲ್ಲಿ ಇಳಿದ ಮೇಲೆ ನಿಮ್ಮನ್ನು ಓಡಿ ಓಡಿ ಎಂದು ಇಳಿಸುತ್ತಿದ್ದರಲ್ಲ, ಇಂಜಿನ್ ನಿಲ್ಲಿಸುತ್ತಿರಲಿಲ್ಲ. ತೆಳು ಗಾಳಿಯಲ್ಲಿ, ಆ ಚಳಿಯಲ್ಲಿ ಮತ್ತೆ ಸ್ಟಾರ್ಟ್ ಆಗದಿದ್ದರೆ ವಿಮಾನ ಅಲ್ಲೇ. ಗದರಿಸಿದ್ದು ಕೋಪದಿಂದ ಅಲ್ಲ.

ನಮ್ಮ ತಂದೆ ಡಕೋಟಾ, ಪ್ಯಾಕೆಟ್ ಎಂದು ಹೇಳುತ್ತಿದ್ದರು. ಎಎನ್-32 ಬರುವ ಮೊದಲು ಲಡಾಖ್‌ಗೆ ಅವುಗಳಲ್ಲೇ ಹೋಗುತ್ತಿದ್ದರಾ? (ಮಡಿಕೇರಿಯ ಓದುಗರು)

ಹೌದಮ್ಮ. ಮಡಿಕೇರಿಯಿಂದ ಈ ಪ್ರಶ್ನೆ ಬಂದದ್ದು ಸರಿಯಾಗಿಯೇ ಇದೆ. ಲೇಹ್‌ನಲ್ಲಿ ಮೊದಲ ವಿಮಾನ ಇಳಿದದ್ದು 1948ರ ಮೇ 24ರಂದು. ಅದು ಡಕೋಟಾ. ಹಾರಿಸಿದವರು ಏರ್ ಕಮೊಡೋರ್ ಮೆಹರ್ ಸಿಂಗ್. ಅದರಲ್ಲಿ ಕೂತು ಹೋದವರು ನಿಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಕೆಳಗೆ ಸ್ಥಳೀಯ ಇಂಜಿನಿಯರ್ ಸೋನಂ ನೋರ್ಬು ಜನರನ್ನು ಕಟ್ಟಿಕೊಂಡು ತುರ್ತಾಗಿ ಸಮ ಮಾಡಿಸಿದ ಪಟ್ಟಿ. ಡಕೋಟಾದ ಇಂಜಿನ್ ಒಂದೊಂದೂ 1,200 ಅಶ್ವಶಕ್ತಿ. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ನಕ್ಷೆಯೂ ಅಷ್ಟಕ್ಕಷ್ಟೇ. ನಮ್ಮ ಎಎನ್-32ರಲ್ಲಿ ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ನಾವು ಮೋಡ ನೋಡಿ ತಿರುಗಿಬರುತ್ತಿದ್ದೆವು. ಅವರು ಏನು ನಂಬಿ ಹೋದರೋ!

ಅದಕ್ಕೂ ಮೊದಲು, 1947ರ ಅಕ್ಟೋಬರ್ 27ರಂದು, ಶ್ರೀನಗರಕ್ಕೆ ಮೊದಲ ಸಿಖ್ ಪಡೆಯನ್ನು ಇಳಿಸಿದ್ದೂ ಡಕೋಟಾಗಳೇ. ಅದರಲ್ಲಿ ಒಂದರ ಸಂಖ್ಯೆ ವಿಪಿ 905. ಅದೇ ಸಂಖ್ಯೆ ಬರೆದ ಒಂದು ಹಳೆಯ ಡಕೋಟಾವನ್ನು ರಾಜೀವ್ ಚಂದ್ರಶೇಖರ್ ದುರಸ್ತಿ ಮಾಡಿಸಿ ವಾಯುಸೇನೆಗೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. 2018ರಲ್ಲಿ ಅದು ಬ್ರಿಟನ್‌ನಿಂದ ಹಾರಿಕೊಂಡೇ ಬಂತು. ‘ಪರಶುರಾಮ’ ಎಂದು ಹೆಸರು. ಏರ್ ಶೋದಲ್ಲಿ ಕಂಡರೆ ಬಿಡಬೇಡಿ, ಹತ್ತಿರ ಹೋಗಿ ನೋಡಿ.

ಪ್ಯಾಕೆಟ್ ಅಂದರೆ ಅಮೆರಿಕದ ಸಿ-119. ಹಿಂದೆ ಎರಡು ಬಾಲದ ತೊಲೆ, ನಡುವೆ ಡಬ್ಬಿಯಂತಹ ಹೊಟ್ಟೆ. 1954ರಲ್ಲಿ ಬಂದವು. ಹಿಮಾಲಯಕ್ಕೆ ಅದರ ಶಕ್ತಿ ಸಾಲಲಿಲ್ಲ. ಆಗ ನಮ್ಮವರು ಅದರ ಬೆನ್ನ ಮೇಲೆ ಒಂದು ಆರ್ಫಿಯಸ್ ಜೆಟ್ ಇಂಜಿನ್ ಕೂರಿಸಿದರು. ನ್ಯಾಟ್ ಯುದ್ಧವಿಮಾನಕ್ಕೆ ಇದ್ದದ್ದೂ ಅದೇ ಇಂಜಿನ್, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡುತ್ತಿದ್ದರು. ಹಾಗೆ ಬೆನ್ನಿಗೆ ಜೆಟ್ ಹೊತ್ತ ಪ್ಯಾಕೆಟ್ ಒಂದನ್ನು ಸ್ಕ್ವಾಡ್ರನ್ ಲೀಡರ್ ರಾಜೆ 1962ರ ಜುಲೈನಲ್ಲಿ ಲಡಾಖ್‌ನ ಉತ್ತರ ತುದಿಯ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. 16,614 ಅಡಿ! ನಿಮ್ಮ ತಂದೆಯವರು ಆ ಕಾಲದವರಾಗಿದ್ದರೆ ಈ ಕಥೆ ಖಂಡಿತ ಹೇಳಿರುತ್ತಾರೆ.

1965ರ ನಂತರ ಆ ಪಟ್ಟಿ ಖಾಲಿ ಬಿತ್ತು. ನಲವತ್ಮೂರು ವರ್ಷ ಯಾವ ವಿಮಾನವೂ ಇಳಿಯಲಿಲ್ಲ. 2008ರ ಮೇ 31ರಂದು ಮತ್ತೆ ಇಳಿದದ್ದು ನಮ್ಮ ಎಎನ್-32. ಅದರಲ್ಲಿ ನಾನಿರಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.

ಸಾಗಾಣಿಕೆ ವಿಮಾನದಿಂದ ಬಾಂಬ್ ಹಾಕುತ್ತಿದ್ದರಂತೆ. ನಿಜವಾ? (ಹುಬ್ಬಳ್ಳಿಯ ಓದುಗರು)

ನಿಜ. 1971ರ ಯುದ್ಧದಲ್ಲಿ 44ನೇ ಸ್ಕ್ವಾಡ್ರನ್‌ನ ಎಎನ್-12 ವಿಮಾನಗಳು ರಾತ್ರಿ ಹೊತ್ತು ಪಾಕಿಸ್ತಾನದ ಚಂಗಾ ಮಂಗಾ ಕಾಡಿನ ಮದ್ದುಗುಂಡು ಸಂಗ್ರಹದ ಮೇಲೆ ಬಾಂಬ್ ಹಾಕಿದವು. ಹಲಗೆಗಳ ಮೇಲೆ ಬಾಂಬ್ ಜೋಡಿಸಿ ಹಿಂಬಾಗಿಲಿನಿಂದ ಉರುಳಿಸುವುದು, ಅಷ್ಟೇ. ಅದೇ ಎಎನ್-12ಗಳು 1962ರಲ್ಲಿ ಎಎಂಎಕ್ಸ್-13 ಟ್ಯಾಂಕ್‌ಗಳನ್ನು ಲಡಾಖ್‌ನ ಚುಶೂಲ್‌ಗೆ ಹೊತ್ತುಕೊಂಡು ಹೋಗಿದ್ದವು. ನನಗೆ ಎರಡನೆಯದೇ ದೊಡ್ಡ ಸಾಹಸ ಅನ್ನಿಸುತ್ತದೆ. ಎಎನ್-12ರಲ್ಲಿ ನಾನು ಹಾರಿದವನಲ್ಲ, ಹಿರಿಯರ ಬಾಯಲ್ಲಿ ಕೇಳಿದವನು.

ಏನೇನು ಸಾಗಿಸಿದ್ದೀರಿ? ವಿಚಿತ್ರವಾದದ್ದು ಏನಾದರೂ? (ಉಡುಪಿಯ ಓದುಗರು)

ಹಿಟ್ಟು, ಸೀಮೆಎಣ್ಣೆ, ಮೊಟ್ಟೆ, ಅಂಚೆ ಚೀಲ, ಹಿಮದಲ್ಲಿ ಓಡುವ ಸ್ಕೂಟರ್, ಆಸ್ಪತ್ರೆಗೆ ಹೋಗುವವರು, ಮದುವೆಗೆ ಹೋಗುವವರು. ಲೆಕ್ಕಕ್ಕೆ 6.7 ಟನ್ ಹೊರುತ್ತದೆ. ಆದರೆ ಬೇಸಿಗೆಯಲ್ಲಿ ಮೇಲಿನ ನೆಲೆಗಳಿಗೆ ಅಷ್ಟು ಹಾಕಲಾಗದು. ಹಿಂದಿನ ಬಾಗಿಲು ಬಹಳ ಚೆನ್ನಾಗಿದೆ. ಕೆಳಕ್ಕೆ ಇಳಿಸಿದರೆ ಜೀಪು ಹತ್ತಿಸಬಹುದು. ಇಲ್ಲವೇ ಹೊಟ್ಟೆಯ ಕೆಳಗೆ ಮುಂದಕ್ಕೆ ಜಾರಿಸಿಬಿಟ್ಟರೆ, ಲಾರಿಯೇ ಹಿಂದಕ್ಕೆ ಬಂದು ನಿಲ್ಲುತ್ತದೆ, ಸಾಮಾನು ನೇರವಾಗಿ ಒಳಗೆ. ಆ ಬಾಗಿಲು ಯೋಚಿಸಿದ ಪುಣ್ಯಾತ್ಮನಿಗೆ ಒಂದು ಸಲಾಮು.

ವಿಚಿತ್ರ ಎಂದರೆ ಆಡುಗಳು. ಮೇಲಿನ ನೆಲೆಗಳಿಗೆ ಮಾಂಸಕ್ಕಾಗಿ ಜೀವಂತ ಆಡುಗಳನ್ನು ಕಳಿಸುತ್ತಿದ್ದರು. ಪಾಪ, ಏರುವಾಗ ಎಲ್ಲವೂ ಹಿಂದಕ್ಕೆ ಜಾರಿ ಒಂದರ ಮೇಲೊಂದು ಬೀಳುತ್ತಿದ್ದವು. ಇಳಿದ ಮೇಲೂ ವಾಸನೆ ನಮ್ಮ ಓವರಾಲ್‌ನಲ್ಲಿ ಉಳಿಯುತ್ತಿತ್ತು. ಈಶಾನ್ಯದಲ್ಲಿ ವಿಜಯನಗರ ಎಂಬ ಊರಿದೆ, ಅರುಣಾಚಲದ ಮೂಲೆಯಲ್ಲಿ. ಹೆಸರು ಕೇಳಿ ನಮ್ಮ ಹಂಪಿ ನೆನಪಾಗುತ್ತದೆ, ಅಲ್ವಾ? ಅಸ್ಸಾಂ ರೈಫಲ್ಸ್‌ನಿಂದ ನಿವೃತ್ತರಾದವರ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಆಗ ರಸ್ತೆ ಇರಲಿಲ್ಲ. ಉಪ್ಪು ಕೂಡ ವಿಮಾನದಲ್ಲೇ.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಕಾರ್ ನಿಕೋಬಾರ್‌ಗೆ ಕುಡಿಯುವ ನೀರು ತೆಗೆದುಕೊಂಡು ಹೋದೆವು. ಅಲ್ಲಿನ ನಮ್ಮ ವಾಯುನೆಲೆಯಲ್ಲಿ ನೂರಕ್ಕೂ ಹೆಚ್ಚು ಮಂದಿ, ವಾಯುಸೈನಿಕರು ಮತ್ತು ಅವರ ಮನೆಯವರು, ಹೋಗಿಬಿಟ್ಟಿದ್ದರು. ವಾಪಸ್ ಬರುವಾಗ ಸೀಟಿನ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಾಕಿ ಜನರನ್ನು ತುಂಬಿಸಿದೆವು. ನೆಲದ ಮೇಲೆ ಕೂತಿದ್ದರು. ಮಕ್ಕಳೂ ಅಳುತ್ತಿರಲಿಲ್ಲ.

ಕಾರ್ಗಿಲ್ ಸಮಯದಲ್ಲಿ, 1999ರಲ್ಲಿ, ಹೋಗುವಾಗ ಹುಡುಗರನ್ನು ಒಯ್ದೆವು. ಬರುವಾಗ ಪೆಟ್ಟಿಗೆಗಳನ್ನು ತಂದೆವು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಎಎನ್-32 ನಂಬಿಕಸ್ಥ ಎನ್ನುತ್ತೀರಿ. 2016ರಲ್ಲಿ ಒಂದು ಸಮುದ್ರದ ಮೇಲೆ ಕಾಣೆಯಾಯಿತು, 2019ರಲ್ಲಿ ಅರುಣಾಚಲದಲ್ಲಿ ಬಿತ್ತು. ಆದರೂ ಹಾಗೆ ಹೇಳಬಹುದಾ? (ತುಮಕೂರಿನ ಓದುಗರು)

ಕೇಳಬೇಕಾದ ಪ್ರಶ್ನೆಯೇ. ತಪ್ಪಿಸಿಕೊಳ್ಳುವುದಿಲ್ಲ.

2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಿಮಾನದಲ್ಲಿ 29 ಮಂದಿ ಇದ್ದರು. ನಾನೂ ಹಾರಿದ ದಾರಿ ಅದು. ಎಷ್ಟು ಹುಡುಕಿದರೂ ಸಿಗಲಿಲ್ಲ. 2024ರ ಜನವರಿಯಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ನೀರೊಳಗಿನ ಯಂತ್ರವೊಂದು ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷಗಳ ಚಿತ್ರ ತೆಗೆದಿರುವುದು ಗೊತ್ತಾಯಿತು. ಏಳೂವರೆ ವರ್ಷ ಆ ಮನೆಗಳವರು ಕಾದಿದ್ದಾರೆ. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಗೆ ಹೊರಟದ್ದರಲ್ಲಿ 13 ಮಂದಿ. ಅವಶೇಷ ಸಿಕ್ಕಿದ್ದು ಎಂಟು ದಿನದ ಮೇಲೆ, ಸುಮಾರು 12,000 ಅಡಿ ಎತ್ತರದ ಕಾಡಿನ ಬೆಟ್ಟದಲ್ಲಿ.

ಮೆಚುಕಾ ದಾರಿ ನನಗೆ ಗೊತ್ತು. ಲಡಾಖ್‌ನಲ್ಲಿ ಬೆಟ್ಟ ಬೋಳು, ದೂರದಿಂದಲೇ ಕಾಣುತ್ತದೆ. ಅರುಣಾಚಲದಲ್ಲಿ ಹಸಿರು ಕಾಡು, ಕಿರಿದಾದ ಕಣಿವೆ, ಮೋಡ ಬಂದು ಕಣಿವೆಯೊಳಗೇ ಕೂರುತ್ತದೆ. ಹೋಗುವಾಗ ತೆರೆದಿದ್ದ ದಾರಿ ಸ್ವಲ್ಪ ಹೊತ್ತಿನಲ್ಲಿ ಮುಚ್ಚಿರುತ್ತದೆ. ಲಡಾಖ್‌ಗಿಂತ ಅದೇ ಕಷ್ಟ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಸುಮ್ನೆ ಹೊಗಳುವುದು ನನಗೆ ಬೇಡ. ಹಳೆಯ ವಿಮಾನಕ್ಕೆ ಹೊಸ ಸಲಕರಣೆ ಬೇಕು. 2009ರಲ್ಲಿ ಉಕ್ರೇನ್ ಜೊತೆ ನೂರಕ್ಕೂ ಹೆಚ್ಚು ಎಎನ್-32ಗಳ ನವೀಕರಣಕ್ಕೆ ಒಪ್ಪಂದವಾಯಿತು. ಕೆಲವು ಅಲ್ಲಿ, ಉಳಿದವು ಕಾನ್ಪುರದ ನಮ್ಮ ರಿಪೇರಿ ಡಿಪೋದಲ್ಲಿ. 2014ರ ನಂತರ ಆ ಕಡೆಯ ಪರಿಸ್ಥಿತಿ ಕೆಟ್ಟು ಕೆಲಸ ನಿಧಾನವಾಯಿತು. ನಿಧಾನವಾಗಬಾರದಿತ್ತು. ಇಂಜಿನ್ ಗಟ್ಟಿ, ಮೈ ಗಟ್ಟಿ, ಹಾರುವವರೂ ಗಟ್ಟಿ. ಆದರೆ ಮೋಡದೊಳಗಿನ ಬೆಟ್ಟವನ್ನು ತೋರಿಸುವ ಪೆಟ್ಟಿಗೆ ಇದ್ದರೆ ಕ್ಯಾಪ್ಟನ್‌ಗೆ ‘ಗೋಯಿಂಗ್ ಬ್ಯಾಕ್’ ಎನ್ನಲು ಇನ್ನಷ್ಟು ಹೊತ್ತು ಸಿಗುತ್ತದೆ. ಆ ಹೊತ್ತೇ ಮುಖ್ಯ. ಹೀಗಿದ್ದೂ ನಾಳೆ ಹತ್ತು ಎಂದರೆ ಹತ್ತುತ್ತೀರಾ ಎಂದು ನೀವು ಕೇಳಿದರೆ, ಹತ್ತುತ್ತೇನೆ.

ನಾನು ಪಿಯುಸಿ ಓದುತ್ತಿದ್ದೇನೆ. ನಿಮ್ಮಂತೆ ಫ್ಲೈಟ್ ಇಂಜಿನಿಯರ್ ಆಗಬೇಕು. ಏನು ಮಾಡಬೇಕು? (ಶಿವಮೊಗ್ಗದ ವಿದ್ಯಾರ್ಥಿ)

ತಮ್ಮಾ, ಖುಷಿಯಾಯಿತು. ಆದರೆ ನೇರವಾಗಿ ಹೇಳುತ್ತೇನೆ. ನನ್ನ ಕುರ್ಚಿ ಹೊಸ ವಿಮಾನಗಳಲ್ಲಿ ಇಲ್ಲ. ಸಿ-130ಜೆ, ಸಿ-17 ಎರಡರಲ್ಲೂ ಫ್ಲೈಟ್ ಇಂಜಿನಿಯರ್ ಇಲ್ಲ. ನಾನು ಕಣ್ಣಿಟ್ಟು ನೋಡುತ್ತಿದ್ದ ಮೀಟರ್‌ಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಚೆನ್ನಾಗಿಯೇ ನೋಡಿಕೊಳ್ಳುತ್ತದೆ. 2013ರ ಆಗಸ್ಟ್‌ನಲ್ಲಿ ಸಿ-130ಜೆ ಕೂಡ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. ವಯಸ್ಸಾದ ಆವ್ರೊ ವಿಮಾನಗಳ ಜಾಗಕ್ಕೆ ಬರುತ್ತಿರುವ ಸಿ-295ರಲ್ಲೂ ಮುಂದೆ ಇಬ್ಬರು ಪೈಲಟ್‌ಗಳೇ. ಒಟ್ಟು 56, ಅದರಲ್ಲಿ 40 ವಡೋದರಾದಲ್ಲೇ ತಯಾರಾಗುವಂಥವು.

ಹಾಗಂತ ದಾರಿ ಮುಚ್ಚಿಲ್ಲ. ಸಾಮಾನು ಹೊಂದಿಸುವುದು, ತೂಕದ ಲೆಕ್ಕ ಹಾಕುವುದು, ಹಿಂಬಾಗಿಲು ತೆರೆದು ಪ್ಯಾರಾಚೂಟ್‌ನಲ್ಲಿ ಇಳಿಸುವುದು, ಇದಕ್ಕೆಲ್ಲ ಲೋಡ್‌ಮಾಸ್ಟರ್ ಬೇಕು. ಅದಂತೂ ಇನ್ನೂ ಬಹುಕಾಲ ಮನುಷ್ಯನೇ ಮಾಡಬೇಕಾದ ಕೆಲಸ. ಭೌತಶಾಸ್ತ್ರ, ಗಣಿತ ಬಿಡಬೇಡ. ಈಗ ಏರ್‌ಮನ್ ಆಗಿ ಸೇರುವ ದಾರಿ ಅಗ್ನಿವೀರ್ ವಾಯು. ವಯಸ್ಸು, ಅಂಕಗಳ ನಿಯಮ ಆಗಾಗ ಬದಲಾಗುತ್ತದೆ. ವಾಯುಸೇನೆಯ ಪ್ರಕಟಣೆಯನ್ನೇ ಓದು, ಕೋಚಿಂಗ್‌ನವರ ಮಾತು ನಂಬಬೇಡ. ಆಯ್ಕೆಯಾದರೆ ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಇರುತ್ತದೆ. ನಾನೂ ಅಲ್ಲೇ ಶುರು ಮಾಡಿದವನು. ಬೆಳಗ್ಗೆ ಓಡಿಸುತ್ತಾರೆ, ಈಗಿನಿಂದಲೇ ಓಡು.